ಉರಿಯುವ ಆಹಾರ, ಉಳಿಯುವ ಬೂದಿ

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಗಳು ಒಂದು ಸಂಜೆ ಕಡಲೆಕಾಯಿ ಬೀಜದ ಪೊಟ್ಟಣವನ್ನು ತಿರುಗಿಸಿ ನೋಡಿ, ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ ‘100 ಗ್ರಾಂಗೆ 567 ಕಿಲೋಕ್ಯಾಲೊರಿ’ ಎಂಬ ಸಾಲಿನ ಮೇಲೆ ಬೆರಳಿಟ್ಟು, “ಅಮ್ಮಾ, ಇದನ್ನು ಹೇಗೆ ಅಳೆದರು?” ಎಂದು ಕೇಳಿದಳು. ಸುಟ್ಟು ಅಳೆಯುತ್ತಾರೆ ಎಂದು ನಾನು ಹೇಳಿದೆ. ಆ ಉತ್ತರ ಅರ್ಧದಷ್ಟು ಮಾತ್ರ ಸರಿಯೆಂದು ನನಗೆ ತಿಳಿದದ್ದು, ನಂತರದ ಎರಡು ವಾರ ನಾವಿಬ್ಬರೂ ಅಡುಗೆಮನೆಯಲ್ಲಿ ಪ್ರಯೋಗ ಮಾಡುತ್ತ, ಲೆಕ್ಕ ಹಾಕುತ್ತ, ಓದುತ್ತ ಕಳೆದ ಮೇಲೆ. ಆಹಾರದ ಶಕ್ತಿಯ ಅಂಕಿ ನನಗೆ ಹೊಸದೇನೂ ಆಗಿರಲಿಲ್ಲ. ಆರು ವರ್ಷಗಳ ಹಿಂದೆ ಅದೊಂದನ್ನೇ ನಂಬಿ ಊಟ ಮಾಡಿ, ನನ್ನ ಆರೋಗ್ಯವನ್ನು ನಾನೇ ಕೆಡಿಸಿಕೊಂಡಿದ್ದೆ. ಆದರೆ ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ಆಗ ನಾನು ಒಮ್ಮೆಯೂ ಕೇಳಿರಲಿಲ್ಲ.

ಪ್ರಯೋಗ ಸರಳವಾದದ್ದು, ಅನೇಕ ಶಾಲೆಗಳಲ್ಲಿ ಮಾಡಿಸುತ್ತಾರೆ. ನೂರನೇ ಒಂದು ಗ್ರಾಂವರೆಗೆ ತೂಗಬಲ್ಲ ಪುಟ್ಟ ತಕ್ಕಡಿಯಲ್ಲಿ ಒಂದು ಬೀಜವನ್ನು ತೂಗಿದೆವು: 0.70 ಗ್ರಾಂ. ಅದನ್ನು ಬಿರಡೆಗೆ ಚುಚ್ಚಿದ ಸೂಜಿಯ ತುದಿಗೆ ಸಿಕ್ಕಿಸಿ, ಮೇಲೆ 50 ಮಿಲಿಲೀಟರ್ ನೀರಿದ್ದ ತಗಡಿನ ಡಬ್ಬಿಯನ್ನು ತೂಗುಹಾಕಿ, ನೀರಿನ ಉಷ್ಣಾಂಶವನ್ನು ಬರೆದುಕೊಂಡು ಬೀಜಕ್ಕೆ ಬೆಂಕಿ ಹಚ್ಚಿದೆವು. ಬೀಜ ಒಮ್ಮೆ ಹೊತ್ತಿಕೊಂಡ ಮೇಲೆ ತನ್ನಷ್ಟಕ್ಕೆ ತಾನೇ, ಹಳದಿ ಜ್ವಾಲೆಯಲ್ಲಿ, ನಾವು ಎಣಿಸಿದ್ದಕ್ಕಿಂತ ಬಹಳ ಹೊತ್ತು ಉರಿಯಿತು. ಅದರೊಳಗಿನ ಎಣ್ಣೆಯೇ ಅಲ್ಲಿ ಉರಿಯುವುದು. ನೀರು 26 ಡಿಗ್ರಿಯಿಂದ 47 ಡಿಗ್ರಿಗೆ ಏರಿತು. ಸೂಜಿಯ ಮೇಲೆ ಉಳಿದ ಕಪ್ಪು ತುಣುಕು 0.12 ಗ್ರಾಂ ತೂಗಿತು. ಎಂದರೆ ಉರಿದದ್ದು 0.58 ಗ್ರಾಂ. ಒಂದು ಗ್ರಾಂ ನೀರಿನ ಉಷ್ಣಾಂಶವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು 4.18 ಜೂಲ್ ಬೇಕಾಗುವುದರಿಂದ, 50 ಗ್ರಾಂ ನೀರನ್ನು 21 ಡಿಗ್ರಿ ಏರಿಸಲು ಸುಮಾರು 4.39 ಕಿಲೋಜೂಲ್ ಬೇಕು. ಅದನ್ನು 0.58ರಿಂದ ಭಾಗಿಸಿದಾಗ ಗ್ರಾಂಗೆ 7.6 ಕಿಲೋಜೂಲ್ ಸಿಕ್ಕಿತು. ಪೊಟ್ಟಣದ 567 ಕಿಲೋಕ್ಯಾಲೊರಿಯನ್ನು ಜೂಲ್‌ಗೆ ಪರಿವರ್ತಿಸಿದರೆ ಗ್ರಾಂಗೆ 23.7 ಕಿಲೋಜೂಲ್ ಆಗಬೇಕು. ನಮ್ಮ ಲೆಕ್ಕ ಅದರ ಮೂರನೇ ಒಂದು ಭಾಗಕ್ಕೂ ತುಸು ಕಡಿಮೆಯೇ ಇತ್ತು.

ಮಗಳು ಬೇಸರಪಟ್ಟುಕೊಂಡಳು. ನನಗೆ ಮಾತ್ರ ಪ್ರಯೋಗದ ಅತ್ಯಂತ ಫಲವತ್ತಾದ ಘಳಿಗೆ ಅದೇ ಅನ್ನಿಸಿತು, ಏಕೆಂದರೆ ‘ಉಳಿದ ಶಕ್ತಿ ಎಲ್ಲಿಗೆ ಹೋಯಿತು?’ ಎಂಬ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಇತ್ತು. ಜ್ವಾಲೆಯ ಸುತ್ತಲಿನ ಗಾಳಿ ಬಿಸಿಯಾಗಿತ್ತು. ಡಬ್ಬಿಯ ತಳಕ್ಕೆ ಮಸಿ ಮೆತ್ತಿತ್ತು, ಮತ್ತು ಮಸಿ ಎಂದರೆ ಪೂರ್ತಿ ಉರಿಯದೆ ಉಳಿದ ಇಂಗಾಲ. ಡಬ್ಬಿಯ ತಗಡೂ ಒಂದಿಷ್ಟು ಶಾಖವನ್ನು ಹೀರಿಕೊಂಡಿತ್ತು. ಎರಡನೆಯ ಸಲ ನೀರನ್ನು 100 ಮಿಲಿಲೀಟರ್‌ಗೆ ಏರಿಸಿ, ಡಬ್ಬಿಗೆ ಮುಚ್ಚಳ ಹಾಕಿ, ಬೀಜ ಮತ್ತು ಡಬ್ಬಿಯ ಸುತ್ತ ಅಲ್ಯೂಮಿನಿಯಂ ಹಾಳೆಯ ಗೋಡೆ ಕಟ್ಟಿ, ಕೆಳಗಡೆ ಗಾಳಿ ಆಡಲು ಸಂದು ಬಿಟ್ಟು, ನೀರನ್ನು ಕದಡುತ್ತ ಅಳೆದಾಗ 0.61 ಗ್ರಾಂ ಉರಿದು 18.5 ಡಿಗ್ರಿ ಏರಿತು, ಗ್ರಾಂಗೆ 12.7 ಕಿಲೋಜೂಲ್. (ಈ ಪ್ರಯೋಗವನ್ನು ಮಾಡುವವರು ಕಡಲೆಕಾಯಿಯ ಅಲರ್ಜಿ ಇರುವವರು ಕೋಣೆಯಲ್ಲಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು, ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು, ಉರಿಸಿದ್ದನ್ನು ಯಾರೂ ತಿನ್ನಬಾರದು.)

ಅಳತೆಯ ಮಾನಗಳ ಬಗ್ಗೆ ಇಲ್ಲೊಂದು ಮಾತು ಹೇಳಬೇಕು, ಏಕೆಂದರೆ ಇಲ್ಲಿ ತಪ್ಪುವವರು ಬಹಳ. ಭೌತಶಾಸ್ತ್ರದ ಕ್ಯಾಲೊರಿ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡುವ ಉಷ್ಣ. ಊಟದ ಮಾತಿನಲ್ಲಿ ನಾವು ‘ಕ್ಯಾಲೊರಿ’ ಎನ್ನುವುದು ಅದರ ಸಾವಿರ ಪಟ್ಟು, ಅಂದರೆ ಕಿಲೋಕ್ಯಾಲೊರಿ. 1819ರಿಂದ 1824ರ ನಡುವೆ ಪ್ಯಾರಿಸ್‌ನ ತಮ್ಮ ಉಪನ್ಯಾಸಗಳಲ್ಲಿ ಈ ಪದವನ್ನು ಬಳಕೆಗೆ ತಂದ ನಿಕೊಲಾ ಕ್ಲೆಮಾಂ ಅದನ್ನು ಒಂದು ಕಿಲೋಗ್ರಾಂ ನೀರಿನ ಲೆಕ್ಕದಲ್ಲೇ ಹೇಳಿದ್ದರು ಎಂಬುದನ್ನು ನೆನೆದರೆ, ಊಟದ ಮಾತಿನ ರೂಢಿಯೇ ಮೂಲಕ್ಕೆ ಹತ್ತಿರವಾಗಿದೆ. ಒಂದು ಕಿಲೋಕ್ಯಾಲೊರಿ ಎಂದರೆ 4.184 ಕಿಲೋಜೂಲ್. ಮುಂದೆ ನಾನು ಕ್ಯಾಲೊರಿ ಎಂದು ಬರೆದಲ್ಲೆಲ್ಲ ಕಿಲೋಕ್ಯಾಲೊರಿ ಎಂದೇ ಓದಿಕೊಳ್ಳಬೇಕು.

ಉಣ್ಣುವುದಕ್ಕೂ ಉರಿಯುವುದಕ್ಕೂ ನಂಟಿದೆ ಎಂಬ ಮಾತನ್ನು ಅಳತೆಯ ಮೂಲಕ ತೋರಿಸಿದವರು ಫ್ರಾನ್ಸಿನ ವಿಜ್ಞಾನಿಗಳಾದ ಆಂಟ್ವಾನ್ ಲವಾಸಿಯೆ ಮತ್ತು ಪಿಯೆರ್ ಸಿಮೊನ್ ಲಾಪ್ಲಾಸ್. 1782–83ರ ಚಳಿಗಾಲದಲ್ಲಿ ಅವರು ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯೊಳಗೆ ಇರಿಸಿ, ಅದರ ಮೈಶಾಖಕ್ಕೆ ಕರಗಿ ಹರಿದ ನೀರನ್ನು ತೂಗಿದರು. ಕೋಣೆಯ ಶಾಖ ಒಳಗಿನ ಮಂಜನ್ನು ಕರಗಿಸದಂತೆ ಹೊರಗೆ ಇನ್ನೊಂದು ಸುತ್ತು ಮಂಜು ಇತ್ತು. ನಮ್ಮ ಅಲ್ಯೂಮಿನಿಯಂ ಗೋಡೆ ಮಾಡಲು ಹೊರಟ ಕೆಲಸವನ್ನು ಅವರು ಎಷ್ಟೋ ಮೇಲಾಗಿ ಮಾಡಿದ್ದರು. ಅದೇ ಪ್ರಾಣಿ ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಷ್ಟನ್ನೇ ಕೊಡುವಂತೆ ಇದ್ದಿಲನ್ನು ಉರಿಸಿದರೆ ಎಷ್ಟು ಮಂಜು ಕರಗುತ್ತದೆ ಎಂಬುದನ್ನೂ ಲೆಕ್ಕ ಹಾಕಿದರು. ಎರಡು ಅಂಕಿಗಳು ಪೂರ್ತಿ ಒಂದಾಗಲಿಲ್ಲ, ಆದರೆ ಹತ್ತಿರ ಬಂದವು. ಉಸಿರಾಟವೆಂದರೆ ನಿಧಾನವಾದ ಒಂದು ದಹನ ಎಂದು ಹೇಳಲು ಅವರಿಗೆ ಅಷ್ಟು ಸಾಕಾಯಿತು.

ಉರಿಸಿ ಅಳೆಯುವ ವಿಧಾನ ನಿಜವಾದ ನಿಖರತೆ ಪಡೆದದ್ದು ಸುಮಾರು ನೂರು ವರ್ಷಗಳ ನಂತರ, ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಸೆಲಾನ್ ಬರ್ತೆಲೊ 1880ರ ದಶಕದಲ್ಲಿ ರೂಪಿಸಿದ ಬಾಂಬ್ ಕ್ಯಾಲೊರಿಮಾಪಕದಿಂದ. ‘ಬಾಂಬ್’ ಎಂದರೆ ಇಲ್ಲಿ ಹೆಚ್ಚಿನ ಒತ್ತಡ ತಾಳಬಲ್ಲ, ದಪ್ಪ ಗೋಡೆಯ ಉಕ್ಕಿನ ಪಾತ್ರೆ. ಆಹಾರವನ್ನು ಒಣಗಿಸಿ, ಪುಡಿಮಾಡಿ, ಸುಮಾರು ಒಂದು ಗ್ರಾಂನ ಗುಳಿಗೆಯಾಗಿ ಒತ್ತಿ ಪಾತ್ರೆಯೊಳಗಿನ ಬಟ್ಟಲಿನಲ್ಲಿಟ್ಟು, ವಾತಾವರಣದ ಒತ್ತಡದ ಸುಮಾರು 30 ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ತುಂಬಿ, ಪಾತ್ರೆಯನ್ನೇ ನೀರಿನಲ್ಲಿ ಮುಳುಗಿಸಿ, ತೆಳ್ಳನೆಯ ತಂತಿಯೊಂದರ ಮೂಲಕ ವಿದ್ಯುತ್ ಹರಿಸಿ ಕಿಡಿ ಹೊತ್ತಿಸುತ್ತಾರೆ. ಅಷ್ಟು ಆಮ್ಲಜನಕದಲ್ಲಿ ಮಸಿಗೆ ಅವಕಾಶವೇ ಇಲ್ಲ. ಉರಿಯಬಲ್ಲದ್ದೆಲ್ಲ ಕ್ಷಣದಲ್ಲಿ ಉರಿದುಹೋಗುತ್ತದೆ, ಮತ್ತು ಸುತ್ತಲೂ ನೀರೇ ಇರುವುದರಿಂದ ಶಾಖಕ್ಕೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಉಪಕರಣವೇ ಎಷ್ಟು ಶಾಖ ಹೀರುತ್ತದೆ ಎಂಬುದನ್ನು ಮೊದಲೇ ಬೆಂಜೋಯಿಕ್ ಆಮ್ಲವನ್ನು ಉರಿಸಿ ಕಂಡುಕೊಂಡಿರುತ್ತಾರೆ. ಆ ಆಮ್ಲದ ಒಂದು ಗ್ರಾಂ 26.4 ಕಿಲೋಜೂಲ್ ಕೊಡುತ್ತದೆ ಎಂಬುದು ಬಹಳ ನಿಖರವಾಗಿ ಗೊತ್ತಿರುವ ಸಂಗತಿ. ಹೀಗೆ ಅಳೆದಾಗ ಗ್ರಾಂವೊಂದಕ್ಕೆ ಸಕ್ಕರೆ ಸುಮಾರು 3.95 ಕ್ಯಾಲೊರಿ, ಪಿಷ್ಟ 4.2, ಪ್ರೋಟೀನ್ 5.65, ಕೊಬ್ಬು 9.4 ಕೊಡುತ್ತವೆ.

ಅಲ್ಲಿಗೆ ಪ್ರಶ್ನೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಕಾಗದದ ಚೂರನ್ನು ಇದೇ ಪಾತ್ರೆಯಲ್ಲಿ ಉರಿಸಿದರೆ ಅದು ಪಿಷ್ಟದಷ್ಟೇ ಶಾಖ ಕೊಡುತ್ತದೆ. ಕಾಗದದ ಸೆಲ್ಯುಲೋಸ್ ಮತ್ತು ಪಿಷ್ಟ ಎರಡೂ ಗ್ಲೂಕೋಸ್ ಕೊಂಡಿಗಳ ಸರಪಳಿಗಳೇ. ಆದರೆ ಸೆಲ್ಯುಲೋಸಿನ ಕೊಂಡಿಗಳನ್ನು ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ. ಬೆಂಕಿಗೆ ಎರಡೂ ಒಂದೇ, ಹೊಟ್ಟೆಗೆ ಒಂದಲ್ಲ. ಪ್ರೋಟೀನಿನ ವಿಷಯ ಇನ್ನೂ ಸೂಕ್ಷ್ಮವಾದದ್ದು: ಬಾಂಬಿನೊಳಗೆ ಅದು ಪೂರ್ತಿ ಉರಿಯುತ್ತದೆ, ಆದರೆ ನಮ್ಮ ದೇಹ ಅದರ ಸಾರಜನಕವನ್ನು ಯೂರಿಯಾ ಆಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ, ಮತ್ತು ಆ ಯೂರಿಯಾದಲ್ಲಿ ಇನ್ನೂ ಉರಿಯಬಲ್ಲ ಶಕ್ತಿ ಉಳಿದಿರುತ್ತದೆ.

ಈ ವ್ಯತ್ಯಾಸವನ್ನು ತಾಳ್ಮೆಯಿಂದ, ಒಂದೊಂದೇ ಆಹಾರವನ್ನು ಹಿಡಿದು ಅಳೆದವರು ಅಮೆರಿಕದ ವಿಲ್ಬರ್ ಆಲಿನ್ ಆಟ್‌ವಾಟರ್. ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1890ರ ದಶಕದಲ್ಲಿ ಅವರು ಭೌತವಿಜ್ಞಾನಿ ಎಡ್ವರ್ಡ್ ರೋಸಾ ಅವರೊಂದಿಗೆ ಒಬ್ಬ ಮನುಷ್ಯ ದಿನಗಟ್ಟಲೆ ವಾಸಿಸಬಹುದಾದ ಒಂದು ಕೋಣೆಯನ್ನೇ ಕ್ಯಾಲೊರಿಮಾಪಕವಾಗಿ ಕಟ್ಟಿದರು. ಸುಮಾರು 7 ಅಡಿ ಉದ್ದ, 4 ಅಡಿ ಅಗಲದ ಆ ಕೋಣೆಯಲ್ಲಿ ಕುಳಿತವನು ಉಂಡ ಊಟ, ವಿಸರ್ಜಿಸಿದ ಮಲಮೂತ್ರ, ಬಿಟ್ಟ ಉಸಿರು, ಮೈಯಿಂದ ಹೊರಟ ಶಾಖ ಎಲ್ಲವನ್ನೂ ಅಳೆದರು. ಶಾಖವನ್ನು ಕೊಳವೆಗಳಲ್ಲಿ ಹರಿಯುವ ತಣ್ಣೀರು ಹೊತ್ತೊಯ್ಯುತ್ತಿತ್ತು. ಉಂಡದ್ದರಿಂದ ಲೆಕ್ಕ ಹಾಕಿದ ಶಕ್ತಿಗೂ ಹೊರಬಂದ ಶಕ್ತಿಗೂ ಸರಾಸರಿಯಲ್ಲಿ ಶೇಕಡಾ ಒಂದರಷ್ಟೂ ಅಂತರ ಕಾಣಲಿಲ್ಲ. ಶಕ್ತಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂಬ ನಿಯಮ ಮನುಷ್ಯನ ಮೈಗೂ ಅನ್ವಯಿಸುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗವನ್ನು ಓದುವಾಗ ನನಗೆ ನಿಜವಾಗಿಯೂ ರೋಮಾಂಚನವಾಯಿತು.

ಪೊಟ್ಟಣಗಳ ಮೇಲಿನ ಅಂಕಿಗಳು ಇಂದಿಗೂ ನಿಂತಿರುವುದು ಅವರ ಲೆಕ್ಕದ ಮೇಲೆಯೇ. ಪ್ರೋಟೀನಿನ 5.65ರಲ್ಲಿ ಜೀರ್ಣವಾಗದೆ ಹೋಗುವ ಸುಮಾರು ಶೇಕಡಾ 8ನ್ನೂ, ಮೂತ್ರದಲ್ಲಿ ಹೋಗುವ 1.25ನ್ನೂ ಕಳೆದರೆ ಹೆಚ್ಚುಕಡಿಮೆ 4 ಉಳಿಯುತ್ತದೆ. ಕೊಬ್ಬಿನ 9.4ರಲ್ಲಿ ಶೇಕಡಾ 95 ದಕ್ಕುತ್ತದೆ, ಅದು 9. ಕಾರ್ಬೋಹೈಡ್ರೇಟ್‌ನಲ್ಲಿ ಶೇಕಡಾ 97 ದಕ್ಕುತ್ತದೆ, ಅದು 4. ನಾರಿಗೆ ಈಗ ಸಾಮಾನ್ಯವಾಗಿ 2 ಎಂದು ಹಿಡಿಯುತ್ತಾರೆ, ಏಕೆಂದರೆ ಅದನ್ನು ನಾವು ಜೀರ್ಣಿಸಿಕೊಳ್ಳದಿದ್ದರೂ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಒಂದಿಷ್ಟು ಶಕ್ತಿಯನ್ನು ನಮಗೂ ಕೊಡುತ್ತವೆ. ಹೀಗಾಗಿ ತಯಾರಕರು ಬಹುಪಾಲು ಏನನ್ನೂ ಸುಡುವುದಿಲ್ಲ. ಆಹಾರದಲ್ಲಿ ಎಷ್ಟು ಪ್ರೋಟೀನ್, ಎಷ್ಟು ಕೊಬ್ಬು, ಎಷ್ಟು ಕಾರ್ಬೋಹೈಡ್ರೇಟ್ ಇದೆ ಎಂದು ಕಂಡುಕೊಂಡು ಗುಣಿಸಿ ಕೂಡುತ್ತಾರೆ.

ಮಗಳು ಕೂಡಲೇ ಕೂಡಿ ನೋಡಿದಳು. ನಮ್ಮ ಪೊಟ್ಟಣದಲ್ಲಿ 100 ಗ್ರಾಂಗೆ ಪ್ರೋಟೀನ್ 25.8, ಕೊಬ್ಬು 49.2, ಕಾರ್ಬೋಹೈಡ್ರೇಟ್ 16.1 ಗ್ರಾಂ ಎಂದಿತ್ತು. 4, 9, 4ರಿಂದ ಗುಣಿಸಿದರೆ ಮೊತ್ತ 610, ಪೊಟ್ಟಣದಲ್ಲಿರುವ 567 ಅಲ್ಲ. ಕಾರ್ಬೋಹೈಡ್ರೇಟ್‌ನಲ್ಲಿ ಸೇರಿದ್ದ 8.5 ಗ್ರಾಂ ನಾರನ್ನು ಬೇರ್ಪಡಿಸಿ 2ರಿಂದ ಗುಣಿಸಿದರೆ 593. ಹಾಗಾದರೆ 567 ಎಲ್ಲಿಂದ ಬಂತು? ಉತ್ತರ ಹುಡುಕಲು ನನಗೆ ಮೂರು ದಿನ ಹಿಡಿಯಿತು. 1955ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೆರಿಲ್ ಮತ್ತು ವಾಟ್ ಎಂಬ ಇಬ್ಬರು ಪ್ರತಿಯೊಂದು ಬಗೆಯ ಆಹಾರಕ್ಕೂ ಬೇರೆ ಬೇರೆ ಗುಣಕಗಳನ್ನು ಪ್ರಕಟಿಸಿದ್ದರು. ಬೀಜಗಳ ಪ್ರೋಟೀನಿಗೆ 3.47, ಕೊಬ್ಬಿಗೆ 8.37, ಕಾರ್ಬೋಹೈಡ್ರೇಟ್‌ಗೆ 4.07. ಈ ಗುಣಕಗಳಿಂದ ಲೆಕ್ಕ ಹಾಕಿದಾಗ 567 ನಿಖರವಾಗಿ ಬಂದಿತು. ಒಂದೇ ಬೀಜಕ್ಕೆ ಮೂರು ಸಂಖ್ಯೆಗಳು, ಮತ್ತು ಮೂರೂ ಪ್ರಾಮಾಣಿಕ ಲೆಕ್ಕಗಳೇ. ಇನ್ನು ಬಾಂಬಿನೊಳಗಿನ ಶಾಖದ ಲೆಕ್ಕ ಹಿಡಿದರೆ ನಾಲ್ಕನೆಯ ಸಂಖ್ಯೆ ಸುಮಾರು 675 ಆಗುತ್ತದೆ. ನಮ್ಮ ಅಡುಗೆಮನೆಯ ಜ್ವಾಲೆಯನ್ನು ಹೋಲಿಸಬೇಕಾಗಿದ್ದದ್ದು ಈ ಕೊನೆಯ ಸಂಖ್ಯೆಯೊಡನೆ, ಪೊಟ್ಟಣದ ಸಂಖ್ಯೆಯೊಡನೆ ಅಲ್ಲ; ನಾವು ಎರಡನೆಯ ಸಲ ಹಿಡಿದದ್ದು ಅದರ ಶೇಕಡಾ 45ನ್ನು ಮಾತ್ರ.

ಬಾದಾಮಿಯ ಕಥೆ ಇದಕ್ಕಿಂತ ಮುಂದೆ ಹೋಗುತ್ತದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಜನರಿಗೆ ತೂಗಿದ ಆಹಾರವನ್ನೇ ಕೊಟ್ಟು, ಅವರು ವಿಸರ್ಜಿಸಿದ್ದರಲ್ಲಿ ಉಳಿದ ಶಕ್ತಿಯನ್ನು ಅಳೆದು ನೋಡಿದಾಗ, ಬಾದಾಮಿಯ ಗ್ರಾಂವೊಂದರಿಂದ ದೇಹಕ್ಕೆ ದಕ್ಕಿದ್ದು 4.6 ಕ್ಯಾಲೊರಿ, ಗುಣಕಗಳ ಲೆಕ್ಕ ಹೇಳುತ್ತಿದ್ದದ್ದು 6ಕ್ಕೂ ಹೆಚ್ಚು. ಬೀಜದ ಗಟ್ಟಿ ಕೋಶಭಿತ್ತಿಗಳೊಳಗೆ ಸಿಕ್ಕಿಕೊಂಡ ಎಣ್ಣೆ, ಅಗಿದ ಮೇಲೂ ಬಿಡುಗಡೆಯಾಗದೆ ಕರುಳನ್ನು ದಾಟಿ ಹೋಗುತ್ತದೆ ಎಂಬುದು ಅದಕ್ಕೆ ಕಾರಣ. ಅದೇ ಬಾದಾಮಿಯನ್ನು ಬೆಣ್ಣೆಯಂತೆ ನುಣ್ಣಗೆ ಅರೆದರೆ ಈ ಅಂತರ ಉಳಿಯುವುದಿಲ್ಲ. ಹುರಿಯುವುದು, ಬೇಯಿಸುವುದು, ಅರೆಯುವುದು ಇವೆಲ್ಲ ರುಚಿಯ ಜೊತೆಗೆ ದಕ್ಕುವ ಶಕ್ತಿಯನ್ನೂ ಬದಲಿಸುತ್ತವೆ ಎಂದಾಯಿತು.

ದಕ್ಕಿದ ಮೇಲೂ ಖರ್ಚಿದೆ. ಜೀರ್ಣಿಸಿಕೊಳ್ಳುವ, ಸಾಗಿಸುವ, ರೂಪಾಂತರಿಸುವ ಕೆಲಸಕ್ಕೆ ಪ್ರೋಟೀನಿನ ಶಕ್ತಿಯಲ್ಲಿ ಶೇಕಡಾ 20ರಿಂದ 30ರಷ್ಟು, ಕಾರ್ಬೋಹೈಡ್ರೇಟಿನಲ್ಲಿ 5ರಿಂದ 10ರಷ್ಟು ವ್ಯಯವಾಗುತ್ತದೆ. ಕೊಬ್ಬಿನಲ್ಲಿ ತೀರ ಕಡಿಮೆ, ಹೆಚ್ಚೆಂದರೆ 3. ಇಷ್ಟನ್ನು ತಿಳಿದ ಮೇಲೆ ದಿನದ ಮೊತ್ತವನ್ನು ಬಿಡಿ ಸ್ಥಾನದವರೆಗೆ ಬರೆದಿಡುವುದು ನನಗೆ ಅರ್ಥಹೀನವಾಗಿ ಕಂಡಿತು. ಆದರೆ ಆರು ವರ್ಷಗಳ ಹಿಂದೆ ನಾನು ಮಾಡುತ್ತಿದ್ದದ್ದು ಅದನ್ನೇ.

ಆಗ ನನಗೆ 40 ವರ್ಷ. ತೂಕ ಇಳಿಸಬೇಕೆಂದು ದಿನಕ್ಕೆ 1,500 ಕ್ಯಾಲೊರಿ ಎಂದು ಗೆರೆ ಎಳೆದುಕೊಂಡು, ಐದು ತಿಂಗಳು ಅದನ್ನು ದಾಟದೆ ನಡೆದೆ. ಒಂದು ಸಂಗತಿ ನನ್ನ ಅರಿವಿಗೇ ಬಾರದಂತೆ ಜರುಗಿತು: ಲೆಕ್ಕ ಸುಲಭವಾಗಬೇಕೆಂದು ನಾನು ಅಂಕಿ ಅಚ್ಚಾಗಿರುವ ಆಹಾರಗಳ ಕಡೆಗೆ ಸರಿಯತೊಡಗಿದೆ. ಬಿಸ್ಕತ್ತಿಗೆ ಲೇಬಲ್ ಇರುತ್ತದೆ, ಸೊಪ್ಪಿನ ಕಟ್ಟಿಗೆ ಇರುವುದಿಲ್ಲ. ಬ್ರೆಡ್ಡಿನ ಒಂದು ಹೋಳಿಗೆ ಎಷ್ಟು ಎಂದು ಬರೆದಿರುತ್ತದೆ, ಮನೆಯಲ್ಲಿ ಬೇಯಿಸಿದ ಕಾಳಿನ ಬಟ್ಟಲಿಗೆ ಎಷ್ಟು ಎಂದು ನಾನೇ ತೂಗಿ ಕಂಡುಕೊಳ್ಳಬೇಕು. ಹಾಗಾಗಿ ಕಾಳು, ಸೊಪ್ಪು, ತರಕಾರಿ ತಟ್ಟೆಯಿಂದ ಮೆಲ್ಲಗೆ ಮರೆಯಾಗಿ, ಪೊಟ್ಟಣಗಳು ಅವುಗಳ ಜಾಗಕ್ಕೆ ಬಂದವು. ತೂಕ ಇಳಿಯಿತು. ಅದರ ಹಿಂದೆಯೇ ಮೆಟ್ಟಿಲು ಹತ್ತುವಾಗ ಏದುಸಿರು, ಮಧ್ಯಾಹ್ನದ ಹೊತ್ತಿಗೆ ತಾಳಲಾರದ ಆಯಾಸ, ಕೂದಲು ಉದುರುವುದು ಎಲ್ಲವೂ ಬಂದವು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.6 ಇತ್ತು, ಗರ್ಭಿಣಿಯಲ್ಲದ ವಯಸ್ಕ ಹೆಣ್ಣಿಗೆ ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ದಿನಚರಿ ಪುಸ್ತಕದಲ್ಲಿ ಒಂದು ದಿನವೂ ಮೊತ್ತ ತಪ್ಪಿರಲಿಲ್ಲ. ಆ ಪುಸ್ತಕದಲ್ಲಿ ಕಬ್ಬಿಣಕ್ಕೆ ಅಂಕಣವೇ ಇರಲಿಲ್ಲ.

ಈ ವರ್ಷ ಮಗಳೊಡನೆ ಬೀಜ ಸುಡುವಾಗ, ಸೂಜಿಯ ಮೇಲೆ ಉಳಿದ ಆ ಕರಿ ತುಣುಕನ್ನು ನೋಡುತ್ತಿದ್ದಂತೆ ಇದೆಲ್ಲ ನೆನಪಾಯಿತು. ಪ್ರಯೋಗಾಲಯದಲ್ಲಿ ಆಹಾರವನ್ನು ಪೂರ್ತಿ ಸುಟ್ಟ ಮೇಲೂ ಒಂದು ಹಿಡಿ ಬೂದಿ ಉಳಿಯುತ್ತದೆ. ಕಡಲೆಕಾಯಿಯಲ್ಲಾದರೆ 100 ಗ್ರಾಂಗೆ ಸುಮಾರು 2.3 ಗ್ರಾಂ. ಕ್ಯಾಲ್ಸಿಯಂ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕಬ್ಬಿಣ, ಸತು ಎಲ್ಲವೂ ಆ ಬೂದಿಯಲ್ಲಿವೆ. ಅವು ಉರಿಯುವುದಿಲ್ಲವಾದ್ದರಿಂದ ಶಕ್ತಿಯ ಲೆಕ್ಕದಲ್ಲಿ ಅವುಗಳ ಬೆಲೆ ಸೊನ್ನೆ. ವಯಸ್ಕರ ದೇಹದಲ್ಲಿ ಒಟ್ಟು ಇರುವ ಕಬ್ಬಿಣವೇ ಸುಮಾರು 3ರಿಂದ 4 ಗ್ರಾಂ, ಆದರೂ ಅದಿಲ್ಲದೆ ಉಸಿರಿನ ಆಮ್ಲಜನಕ ಜೀವಕೋಶಗಳನ್ನು ತಲುಪುವುದಿಲ್ಲ. ಆಮ್ಲಜನಕ ತಲುಪದಿದ್ದರೆ ಲವಾಸಿಯೆ ಹೇಳಿದ ಆ ನಿಧಾನದ ದಹನ ನಡೆಯುವುದಾದರೂ ಹೇಗೆ? ಐದು ತಿಂಗಳು ನಾನು ಸೌದೆಯನ್ನು ಎಣಿಸುತ್ತ, ಒಲೆಗೆ ಗಾಳಿ ಹೋಗುವ ದಾರಿಯನ್ನು ಮುಚ್ಚಿಕೊಂಡಿದ್ದೆ. ಸಕ್ಕರೆಯನ್ನೂ ಶುದ್ಧೀಕರಿಸಿದ ಎಣ್ಣೆಯನ್ನೂ ಸುಟ್ಟರೆ ಬೂದಿ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ.

ಜೀವಸತ್ವಗಳು ಬೂದಿಯಲ್ಲೂ ಸಿಗುವುದಿಲ್ಲ. ಅವು ಉಳಿದದ್ದರ ಜೊತೆ ಉರಿದುಹೋಗುತ್ತವೆ, ಮತ್ತು ಪ್ರಮಾಣ ಮಿಲಿಗ್ರಾಂ, ಮೈಕ್ರೋಗ್ರಾಂಗಳಲ್ಲಿ ಇರುವುದರಿಂದ ಕ್ಯಾಲೊರಿಮಾಪಕ ಅವುಗಳನ್ನು ಗಮನಿಸುವುದೇ ಇಲ್ಲ. ಇದನ್ನು ಅತ್ಯಂತ ಸುಂದರವಾಗಿ ತೋರಿಸಿದವರು ಇಂಗ್ಲೆಂಡಿನ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್. 1912ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವರು ಎಳೆಯ ಇಲಿಗಳಿಗೆ ಶುದ್ಧೀಕರಿಸಿದ ಹಾಲಿನ ಪ್ರೋಟೀನ್, ಪಿಷ್ಟ, ಸಕ್ಕರೆ, ಕೊಬ್ಬು, ಲವಣಗಳನ್ನು ಕೊಟ್ಟರು. ಶಕ್ತಿಯ ಲೆಕ್ಕದಲ್ಲಿ ಅದು ಸಾಲುತ್ತಿತ್ತು, ಆದರೂ ಇಲಿಗಳ ಬೆಳವಣಿಗೆ ನಿಂತಿತು. ಇನ್ನೊಂದು ಗುಂಪಿಗೆ ಅದೇ ಆಹಾರದ ಜೊತೆ ದಿನಕ್ಕೆ 2–3 ಮಿಲಿಲೀಟರ್ ಹಾಲನ್ನು ಕೊಟ್ಟಾಗ ಅವು ಚೆನ್ನಾಗಿ ಬೆಳೆದವು. 18ನೆಯ ದಿನ ಹಾಲನ್ನು ಒಂದು ಗುಂಪಿನಿಂದ ತೆಗೆದು ಇನ್ನೊಂದಕ್ಕೆ ಕೊಟ್ಟರು. ಬೆಳೆಯುತ್ತಿದ್ದವು ನಿಂತವು, ನಿಂತಿದ್ದವು ಬೆಳೆಯತೊಡಗಿದವು. ಅಷ್ಟು ಹನಿ ಹಾಲಿನಲ್ಲಿರುವ ಶಕ್ತಿ ಯಾವ ಲೆಕ್ಕಕ್ಕೂ ಸಾಲದು. ಹಾಲಿನಲ್ಲಿ ಬೇರೇನೋ ಇತ್ತು. ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳಲ್ಲಿ, ಜೀವಸತ್ವದ ಕೊರತೆಯಿಂದ ಬರುವ ಬೆರಿಬೆರಿಯಂತಹ ರೋಗವನ್ನು ಗುರುತಿಸಿದ್ದ ಕ್ರಿಸ್ಟಿಯಾನ್ ಐಕ್ಮನ್ ಅವರೊಂದಿಗೆ ಹಾಪ್ಕಿನ್ಸ್ 1929ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಹಾಗೆಂದು ಶಕ್ತಿಯ ಲೆಕ್ಕವನ್ನು ಬದಿಗೆ ತಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅದು ಊಟದ ಹೊರಗೆರೆಯನ್ನು ಎಳೆದುಕೊಡುತ್ತದೆ. ಒಳಗೆ ಏನು ತುಂಬಬೇಕೆಂಬುದು ಬೇರೆ ವಿಚಾರ. ಹೊರಗೆರೆಗೆ ನಾನು ಈಗ ಬಳಸುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜೋರ್ ಸಮೀಕರಣವನ್ನು: ಕಿಲೋಗ್ರಾಂನಲ್ಲಿ ತೂಕವನ್ನು 10ರಿಂದಲೂ ಸೆಂಟಿಮೀಟರಿನಲ್ಲಿ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿ, ವಯಸ್ಸಿನ 5 ಪಟ್ಟನ್ನು ಕಳೆದು, ಹೆಂಗಸರಾದರೆ ಇನ್ನೂ 161 ಕಳೆಯಬೇಕು, ಗಂಡಸರಾದರೆ 5 ಕೂಡಬೇಕು. ನನ್ನ 60 ಕಿಲೋ ತೂಕ, 160 ಸೆಂಟಿಮೀಟರ್ ಎತ್ತರ, 46 ವರ್ಷಕ್ಕೆ ಬರುವುದು 1,209 ಕ್ಯಾಲೊರಿ. ಇದು ಏನೂ ಕೆಲಸ ಮಾಡದೆ ಮಲಗಿದ್ದರೂ ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡಗಳು ಕೇಳುವ ಶಕ್ತಿ. ಕುಳಿತು ಮಾಡುವ ಕೆಲಸದವರು ಇದನ್ನು 1.4ರಿಂದ 1.69ರವರೆಗಿನ, ಚಟುವಟಿಕೆಯ ಬದುಕಿನವರು 1.7ರಿಂದ 1.99ರವರೆಗಿನ ಗುಣಕದಿಂದ ಗುಣಿಸಬೇಕು. ನಾನು 1.5 ಹಿಡಿದರೆ ದಿನಕ್ಕೆ ಸುಮಾರು 1,800 ಕ್ಯಾಲೊರಿ. ಇದೂ ಅಂದಾಜೇ. ನಿಜವಾದ ಖರ್ಚನ್ನು ಅಳೆಯಲು ಜಲಜನಕ ಮತ್ತು ಆಮ್ಲಜನಕದ ಭಾರದ ಐಸೊಟೋಪುಗಳಿರುವ (ಎಂದರೆ ಅವೇ ಧಾತುಗಳ ಹೆಚ್ಚು ತೂಕದ ಪರಮಾಣುಗಳಿರುವ) ನೀರನ್ನು ಕುಡಿಸಿ, ಅವೆರಡೂ ದೇಹದಿಂದ ಹೊರಹೋಗುವ ವೇಗದ ಅಂತರದಿಂದ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯನ್ನು ಲೆಕ್ಕ ಹಾಕುವ ವಿಧಾನವೊಂದಿದೆ. 1950ರ ದಶಕದಲ್ಲಿ ಇಲಿಗಳ ಮೇಲೆ ಮೊದಲಾದ ಅದು 1982ರಲ್ಲಿ ಮನುಷ್ಯರ ಅಳತೆಗೆ ಬಂದಿತು. ಜನರು ತಾವು ಉಂಡದ್ದನ್ನು ಬರೆದಿಡುವಾಗ ಸಾಮಾನ್ಯವಾಗಿ ಕಡಿಮೆಯೇ ಬರೆಯುತ್ತಾರೆ ಎಂಬುದು ಗೊತ್ತಾದದ್ದು ಈ ವಿಧಾನದಿಂದ. ಅವರು ಸುಳ್ಳು ಹೇಳುತ್ತಾರೆಂದು ಅದರ ಅರ್ಥವಲ್ಲ; ಎಣ್ಣೆಯ ಒಂದು ಚಮಚವನ್ನು ಕಣ್ಣಳತೆಯಲ್ಲಿ ತಪ್ಪುವುದು ಬಹಳ ಸುಲಭ, ಮತ್ತು ಆ ಚಮಚದಲ್ಲಿ 120 ಕ್ಯಾಲೊರಿವರೆಗೂ ಇರಬಹುದು.

ಒಳಗೆ ತುಂಬುವ ಕೆಲಸವನ್ನು ನಾನು ಪ್ರೋಟೀನಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದರ ಅಗತ್ಯ ದೇಹದ ತೂಕಕ್ಕೆ ಅಂಟಿಕೊಂಡಿದೆ. ಆರೋಗ್ಯವಂತ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳು ಒಪ್ಪಿದ ಸುರಕ್ಷಿತ ಮಟ್ಟ. ನನಗೆ 50 ಗ್ರಾಂ. ಶಕ್ತಿಯ ಲೆಕ್ಕದಲ್ಲಿ ಅದು 200 ಕ್ಯಾಲೊರಿ ಮಾತ್ರ, ಆದ್ದರಿಂದಲೇ ಶಕ್ತಿಯನ್ನಷ್ಟೇ ಎಣಿಸುವವರ ಕಣ್ಣಿಗೆ ಅದು ಬೀಳುವುದಿಲ್ಲ. ಸಸ್ಯಾಹಾರಿಗಳು ಧಾನ್ಯವನ್ನೂ ಕಾಳನ್ನೂ ಒಟ್ಟಿಗೆ ಉಣ್ಣುವುದಕ್ಕೆ ಗಟ್ಟಿಯಾದ ಕಾರಣವಿದೆ: ಧಾನ್ಯಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಮಿಥಿಯೋನಿನ್ ಕಡಿಮೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕೊಬ್ಬು ಒಟ್ಟು ಶಕ್ತಿಯ ಶೇಕಡಾ 30ನ್ನು ಮೀರದಿದ್ದರೆ ಒಳ್ಳೆಯದು, ಎಂದರೆ ನನ್ನ ಪಾಲಿಗೆ 60 ಗ್ರಾಂ. ಅದರಲ್ಲಿ ತುಪ್ಪ, ಬೆಣ್ಣೆಯಂತಹವುಗಳಲ್ಲಿ ಹೆಚ್ಚಿರುವ ಪರ್ಯಾಪ್ತ ಕೊಬ್ಬು ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು. ಮೇಲಿಂದ ಸೇರಿಸಿದ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆಯೂ ಶೇಕಡಾ 10ರೊಳಗೆ, ಎಂದರೆ 45 ಗ್ರಾಂ ಒಳಗೆ ಇರಬೇಕು, ಅದರ ಅರ್ಧಕ್ಕಿಳಿದರೆ ಇನ್ನೂ ಮೇಲು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ, 25 ಗ್ರಾಂ ನಾರು, 5 ಗ್ರಾಂ ಒಳಗೆ ಉಪ್ಪು. ಉಪ್ಪಿನಲ್ಲಿ ಶಕ್ತಿಯೇ ಇಲ್ಲದಿದ್ದರೂ ಅದು ರಕ್ತದೊತ್ತಡವನ್ನು ಏರಿಸುತ್ತದೆ. ಸೊನ್ನೆ ಕ್ಯಾಲೊರಿ ಎಂಬ ಕಾರಣಕ್ಕೆ ಯಾವುದನ್ನೂ ಲೆಕ್ಕದಿಂದ ಬಿಡುವಂತಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಈ ಅಂಕಿಗಳನ್ನೆಲ್ಲ ಪ್ರತಿದಿನ ಎಣಿಸುವುದಿಲ್ಲ. ತಟ್ಟೆಯ ಅರ್ಧಭಾಗಕ್ಕೆ ತರಕಾರಿ ಮತ್ತು ಹಣ್ಣು, ಕಾಲುಭಾಗಕ್ಕೆ ತೌಡು ಪೂರ್ತಿ ತೆಗೆಯದ ಧಾನ್ಯ, ಇನ್ನೊಂದು ಕಾಲುಭಾಗಕ್ಕೆ ಕಾಳು ಅಥವಾ ಬೇರೆ ಪ್ರೋಟೀನಿನ ಆಹಾರ ಇಟ್ಟರೆ ಮೇಲಿನ ಬಹುಪಾಲು ಅಂಕಿಗಳು ತಾವಾಗಿಯೇ ಹತ್ತಿರ ಬರುತ್ತವೆ. ನಾನು ನಿಜವಾಗಿ ಗಮನಿಸುವುದು ಸಾಂದ್ರತೆಯನ್ನು. 100 ಗ್ರಾಂ ಎಣ್ಣೆಯಲ್ಲಿ 884 ಕ್ಯಾಲೊರಿ, ಬ್ರೆಡ್ಡಿನಲ್ಲಿ ಸುಮಾರು 265, ಬೇಯಿಸಿದ ಆಲೂಗಡ್ಡೆಯಲ್ಲಿ 87, ಸೇಬಿನಲ್ಲಿ 52, ಸೌತೆಕಾಯಿಯಲ್ಲಿ 15. ನೀರು ಮತ್ತು ನಾರು ಹೆಚ್ಚಿರುವ ಆಹಾರ ಕಡಿಮೆ ಶಕ್ತಿಯಲ್ಲೇ ಹೊಟ್ಟೆ ತುಂಬಿಸುತ್ತದೆ. ಆದರೆ ಇದೇ ನಿಯಮವನ್ನು ಬೆಳೆಯುವ ಮಗುವಿಗೋ, ಹಸಿವು ಕುಗ್ಗಿದ ವೃದ್ಧರಿಗೋ ಹಾಗೆಯೇ ಹೇರಬಾರದು. ಅವರ ಪುಟ್ಟ ಹೊಟ್ಟೆಗೆ ಬೀಜ, ಮೊಟ್ಟೆ, ಹಾಲಿನಂತಹ ಸಾಂದ್ರ ಆಹಾರವೇ ಬೇಕಾಗುತ್ತದೆ.

ಆರು ವರ್ಷಗಳ ಹಿಂದೆ ವೈದ್ಯರು ನನಗೆ ಕಬ್ಬಿಣದ ಮಾತ್ರೆಗಳನ್ನು ಬರೆದುಕೊಟ್ಟು, ಅವುಗಳ ಜೊತೆಗೆ ಊಟವನ್ನೂ ತಿದ್ದಿದರು. ಕಾಳು ಮತ್ತು ಹಸಿರು ಸೊಪ್ಪು ದಿನವೂ ತಟ್ಟೆಗೆ ಮರಳಿದವು. ಸಸ್ಯಗಳ ಕಬ್ಬಿಣ ಹೀರಿಕೆಯಾಗಲು ನೆರವಾಗುವ ಸಿ ಜೀವಸತ್ವಕ್ಕಾಗಿ ಅವುಗಳ ಮೇಲೆ ನಿಂಬೆರಸ ಹಿಂಡಿದೆ. ಆ ಹೀರಿಕೆಗೆ ಅಡ್ಡಬರುವ ಚಹಾವನ್ನು ಊಟದ ಹೊತ್ತಿನಿಂದ ದೂರ ಸರಿಸಿದೆ. ಆರು ತಿಂಗಳ ನಂತರ ಹಿಮೋಗ್ಲೋಬಿನ್ 12.4ಕ್ಕೆ ಬಂದಿತು. ದಿನಚರಿ ಪುಸ್ತಕವನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ. ಅದರ ಕೊನೆಯ ಪುಟಗಳಲ್ಲಿ, ಬಿಸ್ಕತ್ತಿನ ಸಾಲುಗಳು ಹೋಗಿ ಕಾಳು ಸೊಪ್ಪಿನ ಸಾಲುಗಳು ಬಂದ ಮೇಲೂ, ದಿನದ ಮೊತ್ತದ ಅಂಕಣದಲ್ಲಿ ಮೊದಲಿದ್ದ ಅದೇ 1,500ರ ಆಸುಪಾಸಿನ ಸಂಖ್ಯೆಗಳಿವೆ.